ಕೆಟ್ಟು ನಿಂತ ಗಾಡಿಯನ್ನು ದಾಟಬಾರದು

ಗಾಡಿಯ ವಿಷಯದಲ್ಲಿ ನನಗಿರುವ ಜ್ಞಾನ ಬಹಳ ಸಂಕ್ಷಿಪ್ತವಾದದ್ದು. ಬಾಗಿಲು ತೆಗೆದು ಎಡಗಡೆ ಕೂರುವುದು ಗೊತ್ತು, ಇಳಿಯಿರಿ ಎಂದಾಗ ಇಳಿಯುವುದು ಗೊತ್ತು, ತಳ್ಳಿ ಎಂದಾಗ ತಳ್ಳುವುದು ಗೊತ್ತು. ಬಾನೆಟ್ ಎತ್ತಿದಾಗ ನಾನೂ ಎಲ್ಲರ ಜೊತೆ ಬಗ್ಗಿ ಗಂಭೀರವಾಗಿ ಒಳಗೆ ನೋಡುತ್ತೇನೆ. ಸತ್ಯನಾರಾಯಣ ಪೂಜೆಯಲ್ಲಿ ಸಂಸ್ಕೃತ ಬಾರದವನು ಮಂತ್ರಕ್ಕೆ ತಲೆಯಾಡಿಸುವ ಹಾಗೆ. ಇಂಥವನು ಹಳೆಯ ಕಾರುಗಳ ಬಳಗವೊಂದರ ಕಾಯಂ ಸದಸ್ಯನಾಗಿದ್ದೇನೆ ಎಂದರೆ ಯಾರಾದರೂ ನಕ್ಕಾರು. ಅದಕ್ಕೆ ಕಾರಣ ಮದುವೆ. ಮದುವೆಯಾದ ಗಂಡಸಿಗೆ ಏನೇನೋ ಬರುತ್ತದೆ. ಕೆಲವರಿಗೆ ಸೈಟು ಬರುತ್ತದೆ, ಕೆಲವರಿಗೆ ಬಿ.ಪಿ. ಬರುತ್ತದೆ. ನಮ್ಮ ಮನೆಗೆ ಕಾರು ಬಂತು. ಅದೂ ನನಗೆ ಬಂದದ್ದಲ್ಲ, ನನ್ನ ಹೆಂಡತಿಗೆ ಬಂದದ್ದು. ಅದರ ಹಿಂಭಾಗ ಮಾತ್ರ ನನ್ನ ಪಾಲಿಗೆ ಬಂದಿದೆ, ತಳ್ಳುವುದಕ್ಕೆ.

ನನ್ನ ಹೆಂಡತಿ ಶೈಲಜಾ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ಅವಳ ತಂದೆ ಧಾರವಾಡದ ಕಡೆಯಿಂದ ಬಂದು ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರು. ನಾನು ಮೈಸೂರಿನವನು, ಬೇಲಾಪುರದ ಆಫೀಸಿನಲ್ಲಿ ಕೂತು ಬೇರೆಯವರ ಲೆಕ್ಕಪತ್ರ ನೋಡುವವನು. ಹೆಣ್ಣು ನೋಡಲು ಹೋದ ದಿನ ಚಹಾ ಬರುವುದಕ್ಕೆ ಮುಂಚೆಯೇ ಮಾವನವರು ನನ್ನನ್ನು ಕಟ್ಟಡದ ಕೆಳಗೆ ಕರೆದುಕೊಂಡು ಹೋಗಿ, ಹೊದಿಸಿದ್ದ ಬಟ್ಟೆ ಸರಿಸಿ ತಮ್ಮ ಕಾರನ್ನು ತೋರಿಸಿದರು. ಒಂದು ಕಾಲದಲ್ಲಿ ಬೊಂಬಾಯಿಯ ಕಪ್ಪು-ಹಳದಿ ಟ್ಯಾಕ್ಸಿಗಳೆಲ್ಲ ಯಾವ ಜಾತಿಯವೋ ಅದೇ ಜಾತಿಯದು. ಬಣ್ಣ ಮಾತ್ರ ಕೆನೆಹಾಲಿನದು. ಗಾಡಿ ಹೊಡೆಯಲು ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನೂಕಲು ಬರುತ್ತದೆಯೇ ಎಂದರು. ಬರುತ್ತದೆ ಎಂದೆ. ಅವರು ಮೇಲೆ ಹೋಗಿ ಹುಡುಗ ಅಡ್ಡಿಯಿಲ್ಲ ಎಂದು ಹೇಳಿದರಂತೆ. ಸಂಬಳ, ಗೋತ್ರ, ನಕ್ಷತ್ರ ಎಲ್ಲವನ್ನೂ ಅವರು ವಿಚಾರಿಸಿದ್ದು ಆಮೇಲೆ, ಅದೂ ನನ್ನ ತಾಯಿಗೆ ಬೇಸರವಾಗಬಾರದೆಂದು.

ಈ ಕಾರಿನ ಸುತ್ತ ಒಂದು ಬಳಗ ಬೆಳೆದ ಕಥೆಯನ್ನು ಹೇಳಬೇಕು. ಕಲ್ಯಾಣದಲ್ಲಿ ಕರುಣಾಕರಣ್ಣ ಎಂಬವರಿದ್ದಾರೆ. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲು. ಅವರ ಬಳಿಯೂ ಒಂದು ಹಳೆಯ ಕಾರು, ದುಂಡು ಮೈಯದು, ಮಂತ್ರಿಗಳು ಓಡಾಡುತ್ತಿದ್ದಂಥದು. ಬಹಳ ವರ್ಷಗಳ ಹಿಂದೆ ಇಬ್ಬರೂ ಸಂಸಾರ ಸಮೇತ ಖಾರಘರದ ಗುಡ್ಡದ ಬುಡಕ್ಕೆ ವನಭೋಜನಕ್ಕೆ ಹೊರಟರು. ಆಗ ಖಾರಘರದಲ್ಲಿ ಕಟ್ಟಡಗಳಿಗಿಂತ ಗುಡ್ಡಗಳೇ ಜಾಸ್ತಿ. ದಾರಿಯಲ್ಲಿ ಕರುಣಾಕರಣ್ಣನ ಕಾರು ಕೆಟ್ಟು ನಿಂತಿತು. ಮುಂದೆ ಹೋಗಿದ್ದ ಮಾವನವರು ಬಹಳ ಹೊತ್ತಾದರೂ ಹಿಂದಿನವರು ಬರಲಿಲ್ಲವೆಂದು ಗಾಡಿ ತಿರುಗಿಸಿ ಬಂದರು. ಬಿಸಿಲಲ್ಲಿ ಕಲ್ಲಿನ ಮೇಲೆ ಕೂತಿದ್ದ ಕರುಣಾಕರಣ್ಣ, ನೀವು ಹೋಗಿ ಊಟ ಮುಗಿಸಿ ಎಂದರಂತೆ. ಮಾವನವರು ಡಿಕ್ಕಿ ತೆರೆದು ರೊಟ್ಟಿಯ ಗಂಟನ್ನು ಇಳಿಸಿದರು. ಅಂದು ವನಭೋಜನ ಅಲ್ಲೇ ರಸ್ತೆ ಬದಿಯಲ್ಲಿ ಆಯಿತು. ಮರುವರ್ಷ ಇನ್ನೂ ಕೆಲವರು ಸೇರಿಕೊಂಡರು. ಠಾಣೆಯಿಂದ ಒಬ್ಬರು ಜೀಪು ತಂದರು, ನೆರೂಳದಿಂದ ಇನ್ನೊಬ್ಬರು ಒಂದು ಪುಟಾಣಿ ಕಾರು ತಂದರು. ಹೀಗೆ ವರ್ಷಕ್ಕೊಂದು ಭಾನುವಾರ, ಚಳಿ ಎನ್ನುವುದು ಈ ಊರುಗಳಿಗೆ ಎಷ್ಟು ಬರುತ್ತದೋ ಅಷ್ಟು ಬಂದ ಮೇಲೆ, ಡೊಂಬಿವಲಿಯಿಂದ ಖಾರಘರಕ್ಕೆ ಹಳೆಯ ಗಾಡಿಗಳ ಮೆರವಣಿಗೆ ಹೊರಡುವ ಪದ್ಧತಿ ಆಯಿತು. ಮಾವನವರ ಗಾಡಿ ಎಲ್ಲಕ್ಕಿಂತ ಮುಂದೆ. ನಿಯಮ ಒಂದೇ. ಕೆಟ್ಟು ನಿಂತ ಗಾಡಿಯನ್ನು ಯಾರೂ ದಾಟಿ ಹೋಗುವಂತಿಲ್ಲ. ಅದು ಸರಿಹೋಗುವ ತನಕ ಎಲ್ಲರೂ ನಿಲ್ಲಬೇಕು, ಊಟದ ಹೊತ್ತಾದರೆ ಅಲ್ಲೇ ಊಟ.

ಹಳೆಯ ಗಾಡಿಗಳ ಬಳಗಕ್ಕೆ ಇಂಥ ನಿಯಮವಿದ್ದರೆ ಏನಾಗುತ್ತದೆಂದು ನೀವೇ ಊಹಿಸಬಹುದು. ಖಾರಘರ ತಲುಪಿದ ವರ್ಷಗಳು ಕಡಿಮೆ. ನಾವು ಐರೋಳಿ ಸೇತುವೆಯ ಬುಡದಲ್ಲಿ ಉಂಡಿದ್ದೇವೆ. ರಬಾಳೆಯ ಕಾರ್ಖಾನೆಯೊಂದರ ಗೇಟಿನ ಮುಂದೆ ಉಂಡಿದ್ದೇವೆ. ಅಲ್ಲಿನ ವಾಚ್‌ಮನ್ ಒಳಗಿನಿಂದ ಬೆಂಚು ತಂದು ಹಾಕಿ, ತಾನೂ ಒಂದು ಗೋಳಿಬಜೆ ತಿಂದು, ಸಾಯಂಕಾಲದ ಪಾಳಿಯವನಿಗೆ ನಮ್ಮನ್ನು ಒಪ್ಪಿಸಿ ಮನೆಗೆ ಹೋದ. ಒಮ್ಮೆ ಕಲ್ಯಾಣ ರಸ್ತೆಯ ಮದುವೆ ಹಾಲಿನ ಎದುರು ನಿಂತಾಗ, ಹಳೆಯ ಕಾರುಗಳ ಸಾಲು ನೋಡಿ ಗಂಡಿನ ಕಡೆಯವರೇ ಬಂದರೆಂದು ತಿಳಿದು ಯಾರೋ ಶರಬತ್ತು ತಂದು ಕೊಟ್ಟರು. ಕುಡಿದ ಮೇಲೆ ಸತ್ಯ ಹೇಳಿದೆವು. ಪರವಾಗಿಲ್ಲ, ಊಟಕ್ಕೂ ಬನ್ನಿ ಎಂದರು. ಈ ಊರಿನ ಜನ ರೈಲಿನ ಬಾಗಿಲಲ್ಲಿ ಮೊಣಕೈಯಿಂದ ತಿವಿಯುತ್ತಾರೆ, ಆದರೆ ಗಾಡಿ ಕೆಟ್ಟು ನಿಂತರೆ ಅದೇ ಮೊಣಕೈ ಹಚ್ಚಿ ನೂಕುತ್ತಾರೆ. ಆ ಋಣ ನನ್ನ ಮೇಲೆ ಬಹಳ ಇದೆ.

ನೂಕುವ ಮಾತಿಗೆ ಬಂದರೆ, ನಮ್ಮ ಬಳಗದಲ್ಲಿ ಅದಕ್ಕೂ ಏಕವಾಕ್ಯತೆ ಇಲ್ಲ. ನಾನು ತಳ್ಳಿ ಎನ್ನುತ್ತೇನೆ, ಶೈಲಜಾ ನೂಕ್ರಿ ಎನ್ನುತ್ತಾಳೆ, ಕರುಣಾಕರಣ್ಣ ದೂಡಿ ಎನ್ನುತ್ತಾರೆ. ಮೂರು ಕನ್ನಡ ಮೂರು ಕಡೆಯಿಂದ ಕೂಗುತ್ತಿರುವಾಗ ಮಕ್ಕಳು ತಮ್ಮ ಪಾಡಿಗೆ 'ಧಕ್ಕಾ' ಎಂದು ಮರಾಠಿಯಲ್ಲಿ ಒಂದು ಧಕ್ಕೆ ಕೊಟ್ಟು ಗಾಡಿ ಹೊರಡಿಸಿಬಿಡುತ್ತಾರೆ. ಭಾಷೆಯ ಬಗ್ಗೆ ಚಿಂತೆ ಮಾಡುವವರು ಇದನ್ನು ನೋಡಿದರೆ ಅಳುತ್ತಾರೋ ನಗುತ್ತಾರೋ ತಿಳಿಯದು. ನಾನಂತೂ ಗಾಡಿ ಹೊರಟಿತಲ್ಲ ಎಂದು ಬೆವರು ಒರೆಸಿಕೊಳ್ಳುತ್ತೇನೆ.

ಕಳೆದ ಮಳೆಗಾಲದಲ್ಲಿ ಮಾವನವರು ತೀರಿಕೊಂಡರು. ಕಾರು ಡೊಂಬಿವಲಿಯಿಂದ ಖಾರಘರದ ನಮ್ಮ ಹೌಸಿಂಗ್ ಸೊಸೈಟಿಗೆ ಬಂತು. ಶೈಲಜಾ ಭಾನುವಾರ ಬೆಳಿಗ್ಗೆ ಕೆಳಗಿಳಿದು ಅದನ್ನು ಒರೆಸಿ, ಒಂದು ಸುತ್ತು ಓಡಿಸಿ, ಮೇಲೆ ಬಂದು ಚಹಾ ಕುಡಿಯುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಕಾರಿನೊಳಗೆ ಕಿಟಕಿ ಏರಿಸಿಕೊಂಡು ಅತ್ತಿರಬೇಕು ಎಂದು ನನ್ನ ಊಹೆ. ಆ ಊಹೆ ಇದ್ದೂ ನಾನು ಮುಂದೆ ಮಾಡಿದ ಕೆಲಸ ನೋಡಿ.

ಬಳಗಕ್ಕೆ ಎರಡು ವರ್ಷದ ಹಿಂದೆ ಪ್ರಣವ್ ಎಂಬ ಹುಡುಗ ಸೇರಿದ. ಬೆಂಗಳೂರಿನವನು, ಠಾಣೆಯಲ್ಲಿ ಮನೆ, ಐರೋಳಿಯಲ್ಲಿ ಐಟಿ ಕೆಲಸ. ತನ್ನ ತಾತನ ಕಾಲದ ಕಾರನ್ನು ಬಿಚ್ಚಿ, ಒಂದೊಂದು ಸ್ಕ್ರೂ ಬದಲಾಯಿಸಿ, ಹೊಸ ಸ್ಟೀಲ್ ತಟ್ಟೆಯ ಹಾಗೆ ಹೊಳೆಯಿಸಿದ್ದಾನೆ. ಅದು ಇದುವರೆಗೆ ಕೆಟ್ಟು ನಿಂತದ್ದಿಲ್ಲ. ಒಳ್ಳೆಯ ಹುಡುಗ. ಈ ಸಲದ ಮೆರವಣಿಗೆಯ ಬಗ್ಗೆ ಮಾತಾಡಲು ಎಲ್ಲರೂ ನಮ್ಮ ಮನೆಯಲ್ಲಿ ಸೇರಿದಾಗ ಅವನು ಒಂದು ಸೂಚನೆ ಮುಂದಿಟ್ಟ. ಹೆದ್ದಾರಿಯಲ್ಲಿ ಈಗ ಟ್ಯಾಂಕರುಗಳ ಓಡಾಟ ವಿಪರೀತ, ರಸ್ತೆ ಬದಿಯಲ್ಲಿ ಅಷ್ಟು ಜನ ನಿಲ್ಲುವುದು ಅಪಾಯ. ಆದ್ದರಿಂದ ಹಿಂದೆ ಒಂದು ಟೋಯಿಂಗ್ ಗಾಡಿ ಬರಲಿ, ಕೆಟ್ಟದ್ದನ್ನು ಅದು ಎತ್ತಿಕೊಳ್ಳಲಿ, ಉಳಿದವರು ನಿಲ್ಲದೆ ಮುಂದೆ ಹೋಗಲಿ. ಪನವೇಲ್ ಆಚೆ ಒಂದು ರಿಸಾರ್ಟಿದೆ, ಅಲ್ಲಿ ಎಲ್ಲರಿಗೂ ಬಫೆ ಹೇಳಿಬಿಡೋಣ, ಮಧ್ಯಾಹ್ನ ತಣ್ಣಗೆ ಎಸಿಯಲ್ಲಿ ಕೂತು ಊಟ ಮಾಡಬಹುದು.

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕರುಣಾಕರಣ್ಣ ಚಾವಣಿ ನೋಡುತ್ತಿದ್ದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಆಗ 'ಎಸಿ' ಎಂಬ ಶಬ್ದ ನನ್ನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಇಷ್ಟು ವರ್ಷ ಬಿಸಿಲಲ್ಲಿ ತಳ್ಳಿ ತಳ್ಳಿ ನನ್ನ ಸೊಂಟ ಒಂದು ಕಡೆಗೆ ವಾಲಿರುವುದೂ ನೆನಪಾಯಿತು. ಒಳ್ಳೆಯ ಯೋಚನೆ, ನನ್ನ ಒಪ್ಪಿಗೆಯಿದೆ ಎಂದುಬಿಟ್ಟೆ. ನಾನು ಮಾವನವರ ಅಳಿಯ. ಸ್ಥಾಪಕರ ಮನೆಯವರೇ ಒಪ್ಪಿದ ಮೇಲೆ ನಾವು ಹೇಳುವುದೇನು ಎಂದು ಉಳಿದವರೂ ಹೂಂಗುಟ್ಟಿದರು. ಶೈಲಜಾ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ಟ್ರೇ ಹಿಡಿದು ಹೊರಗೆ ಬರುವಷ್ಟರಲ್ಲಿ ನಿಯಮ ಬದಲಾಗಿತ್ತು. ಅವಳು ಎಲ್ಲರಿಗೂ ಚಹಾ ಕೊಟ್ಟು, ನನ್ನ ಕಪ್ಪನ್ನು ಟೇಬಲಿನ ಆ ತುದಿಯಲ್ಲಿ ಇಟ್ಟು ಒಳಗೆ ಹೋದಳು.

ಎಲ್ಲರೂ ಹೋದ ಮೇಲೆ ಒಂದೇ ಒಂದು ಮಾತು ಹೇಳಿದಳು.

"ಇನ್ನ ಅಪ್ಪನ ಗಾಡಿ ನಿಂತರ ಎಲ್ಲಾರೂ ಬಾಜೂಕಿಂದ ಹೊಂಟು ಹೋಗ್ತಾರ. ನಾ ಅದನ್ನ ನೋಡ್ಕೋತ ಕೂಡಬೇಕಲ್ಲ."

ನಾನು ಅಪಾಯ, ಟ್ಯಾಂಕರು, ಸೊಂಟ ಎಂದೇನೋ ತೊದಲಿದೆ. ಅವಳು ಕುಕ್ಕರಿನ ಕಡೆ ತಿರುಗಿದಳು. ಆಮೇಲೆ ಮೆರವಣಿಗೆಯ ದಿನದವರೆಗೂ ನಮ್ಮ ನಡುವೆ ಅಗತ್ಯಕ್ಕೆ ಬೇಕಾದಷ್ಟೇ ಮಾತು. ಹಾಲು ಬಂತು, ಗ್ಯಾಸು ಬಂತು, ನಿಮ್ಮ ತಾಯಿಯ ಫೋನು ಬಂತು. ಹಾರ್ಬರ್ ಲೈನಿನ ರೈಲಿನಲ್ಲೂ ನನ್ನೊಂದಿಗೆ ಇದಕ್ಕಿಂತ ಹೆಚ್ಚು ಮಾತಾಡುವವರಿದ್ದಾರೆ. ಸಭೆ ಮುಗಿದ ಮೇಲೆ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಆದರೆ ಗಂಡಸಿಗೆ ತಪ್ಪು ಗೊತ್ತಾಗುವುದಕ್ಕೂ ಅದನ್ನು ಒಪ್ಪುವುದಕ್ಕೂ ನಡುವೆ ಒಂದು ದೊಡ್ಡ ನಾಕಾ ಇದೆ, ಅಲ್ಲಿ ಯಾವಾಗಲೂ ಟ್ರಾಫಿಕ್ ಜಾಮ್.

ಆ ಭಾನುವಾರ ಬಂತು. ಬೆಳಿಗ್ಗೆ ಡೊಂಬಿವಲಿಯ ಮಾವನವರ ಕಟ್ಟಡದ ಕೆಳಗೆ, ಖಾರಘರದಿಂದ ನಸುಕಿನಲ್ಲೇ ಹೊರಟ ನಮ್ಮದೂ ಬಂದು, ಎಲ್ಲ ಗಾಡಿಗಳೂ ಸೇರಿದವು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಕುಮ ಹಚ್ಚಿ ಹೊರಟೆವು. ಎಲ್ಲಕ್ಕಿಂತ ಮುಂದೆ ಕೆನೆಹಾಲಿನ ಬಣ್ಣದ್ದು, ಅದರಲ್ಲಿ ಸ್ಟಿಯರಿಂಗ್ ಹಿಡಿದ ಶೈಲಜಾ, ಪಕ್ಕದಲ್ಲಿ ಮಾತು ಕಳೆದುಕೊಂಡ ನಾನು. ಹಿಂದೆ ಕರುಣಾಕರಣ್ಣ, ಆಮೇಲೆ ಜೀಪು, ಪುಟಾಣಿ ಕಾರು, ಮತ್ತಿತರರು. ಕೊನೆಗೆ ಹೊಳೆಯುವ ಕಾರಿನಲ್ಲಿ ಪ್ರಣವ್, ಅವನ ಬೆನ್ನಿಗೆ ಟೋಯಿಂಗ್ ಗಾಡಿ. ಸ್ಮಶಾನಕ್ಕೆ ಹೊರಟವರ ಹಿಂದೆ ಸೌದೆ ಗಾಡಿ ಬಂದ ಹಾಗೆ ಕಾಣುತ್ತದೆಂದು ನನಗೆ ಅನ್ನಿಸಿತು.

ಶಿಳಫಾಟಾದ ಹತ್ತಿರ ಟ್ರಕ್ಕುಗಳ ನಡುವೆ ಸಿಕ್ಕಿಕೊಂಡು ಇರುವೆಯ ಹಾಗೆ ತೆವಳಿದೆವು. ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ, ನಮ್ಮ ಗಾಡಿ ಒಂದು ಬಿಟ್ಟು ಯಾವುದು ಬೇಕಾದರೂ ಕೆಡಲಿ ಎಂದು. ಅಂಥ ಹರಕೆಯನ್ನು ಯಾವ ದೇವರು ಕೇಳುತ್ತಾನೆ? ತಳೋಜಾ ಕಡೆಗೆ ತಿರುಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಶೈಲಜಾ ಗಾಡಿಯನ್ನು ಎಡಕ್ಕೆ, ಒಂದು ದೊಡ್ಡ ಮರದ ನೆರಳಿಗೆ ಉರುಳಿಸಿ ನಿಲ್ಲಿಸಿದಳು. ಹಳೆಯ ಕಾಯಿಲೆಯೇ. ನಿಂತು ನಿಂತು ಓಡುವಾಗ ಎಂಜಿನ್ ಕಾದು, ಪೆಟ್ರೋಲು ದಾರಿಯಲ್ಲೇ ಆವಿಯಾಗಿ ಮುಂದೆ ಹೋಗುವುದಿಲ್ಲ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಜ್ವರ ಬಂದ ಮಗುವಿನ ಹಣೆಗೆ ಹಾಕಿದ ಹಾಗೆ, ಅದು ತಣಿಯುವ ತನಕ ಕಾಯಬೇಕು. ಬೇರೆ ಔಷಧವಿಲ್ಲ. ಅವಳು ಬಾನೆಟ್ ಎತ್ತಿ ಬಟ್ಟೆ ಹಾಕಿದಳು. ಹಿಂದಿನ ಗಾಡಿಗಳು ಬರುತ್ತಿದ್ದ ಕಡೆಗೆ ಬೆನ್ನು ಮಾಡಿ ನಿಂತಳು.

ಹೊಸ ನಿಯಮಕ್ಕೆ ಒಪ್ಪಿಗೆ ಕೊಟ್ಟವನು ನಾನು. ಅದನ್ನು ಜಾರಿ ಮಾಡುವ ಪಾಪವೂ ನನ್ನದೇ ಆಗಬೇಕಲ್ಲ. ರಸ್ತೆಗೆ ಬಂದು, ಕರುಣಾಕರಣ್ಣನ ಕಾರಿಗೆ ಮುಂದೆ ಹೋಗಿ ಎಂದು ಕೈ ಬೀಸಿದೆ. ಅವರ ಕಾರು ನಿಧಾನವಾಯಿತು. ಎಡಗಡೆಯ ದೀಪ ಮಿಣುಕಿತು. ನಮ್ಮ ಹಿಂದೆಯೇ ಬಂದು ನಿಂತಿತು. ಕರುಣಾಕರಣ್ಣ ಇಳಿದು, ನನ್ನ ಕಡೆ ನೋಡದೆ, ಬಾನೆಟ್ ಎತ್ತಿದರು.

"ಎಂತದೋ ಒಂದು ಶಬ್ದ ಬರ್ತಾ ಉಂಟು ಮಾರಾಯ್ರೆ. ಹೀಗೇ ಮುಂದೆ ಹೋಗುವುದು ಸರಿಯಲ್ಲ," ಎಂದರು.

ಅವರ ಕಾರಿನಲ್ಲಿ ಸದ್ದು ಮಾಡದ ಭಾಗ ಯಾವುದೂ ಇಲ್ಲ. ಇವತ್ತೇ ಅದು ಅವರ ಕಿವಿಗೆ ಬಿದ್ದದ್ದು ನನಗೆ ಆಶ್ಚರ್ಯವಾಯಿತು. ಅಷ್ಟರಲ್ಲಿ ಜೀಪು ಬಂತು. ಬ್ರೇಕು ಯಾಕೋ ಮೆತ್ತಗಾಗಿದೆ ಎಂದು ಜೀಪಿನವರು ಅವರ ಹಿಂದೆ ನಿಂತರು. ಪುಟಾಣಿ ಕಾರಿನವರು ರೇಡಿಯೇಟರಿನಲ್ಲಿ ನೀರಿಲ್ಲವೇನೋ ಎಂದು ಅನುಮಾನಪಟ್ಟು ನಿಂತರು. ಆ ಕಾರಿಗೆ ರೇಡಿಯೇಟರು ಇದೆಯೋ ಇಲ್ಲವೋ ಎಂದು ನನಗೆ ಈಗಲೂ ಅನುಮಾನ. ನೋಡುನೋಡುತ್ತಿದ್ದಂತೆ ರಸ್ತೆಯ ಅಂಚಿನ ಉದ್ದಕ್ಕೂ ಬಾನೆಟ್‌ಗಳು ಬಾಯಿ ತೆರೆದು ನಿಂತವು. ನಿಂತ ಗಾಡಿಯನ್ನು ಬಿಟ್ಟು ಮುಂದೆ ಹೋಗಬೇಕೆಂದು ಹೊಸ ನಿಯಮ ಹೇಳುತ್ತದೆ. ಎಲ್ಲ ಗಾಡಿಗಳೂ ನಿಂತರೆ ಯಾರು ಹೋಗಬೇಕೆಂದು ಅದು ಹೇಳುವುದಿಲ್ಲ. ಶೈಲಜಾ ಈಗ ಈ ಕಡೆ ತಿರುಗಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡು, ಪೆಟ್ರೋಲಿನ ವಾಸನೆ ಎಂದು ಕರುಣಾಕರಣ್ಣನಿಗೆ ಹೇಳಿದಳು.

ಕೊನೆಗೆ ಪ್ರಣವ್ ಬಂದ. ಇಳಿದು ಸಾಲಿನ ಉದ್ದಕ್ಕೂ ನಡೆದು, ಒಂದೊಂದೇ ಎಂಜಿನ್ ಒಳಗೆ ಇಣುಕಿ ನೋಡಿದ. ಅವನಿಗೆ ನನ್ನ ಹಾಗಲ್ಲ, ನೋಡಿದರೆ ತಿಳಿಯುತ್ತದೆ.

"ಅಂಕಲ್, ಎಲ್ಲಾರ್ದೂ ಒಟ್ಟಿಗೇ ಹೇಗೆ ಕೆಟ್ಟುಹೋಯ್ತು?" ಎಂದು ಕರುಣಾಕರಣ್ಣನನ್ನು ಕೇಳಿದ.

"ವಯಸ್ಸಾಯ್ತಲ್ಲ," ಎಂದರು ಕರುಣಾಕರಣ್ಣ.

ಟೋಯಿಂಗ್ ಗಾಡಿಯವನು ಇಳಿದು, ಯಾವುದನ್ನು ಎತ್ತಬೇಕು ಎಂದು ಹಿಂದಿಯಲ್ಲಿ ಕೇಳಿದ. ಅವನು ಎತ್ತಬಲ್ಲದ್ದು ಒಂದೇ ಗಾಡಿಯನ್ನು. ನಮ್ಮದೇನೂ ಅವಸರವಿಲ್ಲ, ಮೊದಲು ಅವರದ್ದು ಆಗಲಿ ಎಂದು ಎಲ್ಲರೂ ಪಕ್ಕದವರನ್ನು ತೋರಿಸಿದರು. ಮದುವೆ ಮನೆಯ ಮೊದಲ ಪಂಕ್ತಿಗೆ ಕೂರಲು ನಮ್ಮ ಜನ ಮಾಡುವ ಉಪಚಾರವೆಲ್ಲ ಅಲ್ಲಿ ನಡೆಯಿತು. ಅವನು ತಲೆ ಕೆರೆದುಕೊಂಡು ಪ್ರಣವ್‌ನ ಮುಖ ನೋಡಿದ. ಪ್ರಣವ್ ತನ್ನ ಹೊಳೆಯುವ ಕಾರಿನ ಬಳಿಗೆ ಹೋಗಿ, ಅದರ ಬಾನೆಟ್ಟನ್ನೂ ಎತ್ತಿ ನಿಲ್ಲಿಸಿದ. ಏನಾಯಿತು ಎಂದು ಯಾರೂ ಅವನನ್ನು ಕೇಳಲಿಲ್ಲ. ಕರುಣಾಕರಣ್ಣ ಮಾತ್ರ ಅವನ ಹೆಗಲ ಮೇಲೆ ಕೈಯಿಟ್ಟು, ಇನ್ನು ನಿನ್ನದೂ ಹಳೇ ಗಾಡಿ ಎಂದರು.

ಊಟದ ಹೊತ್ತಾಗಿತ್ತು. ಬಫೆ ಹೇಳಿದ್ದರಿಂದ ಈ ಸಲ ಯಾರೂ ಬುತ್ತಿ ತರುವ ಹಾಗಿರಲಿಲ್ಲ. ಆದರೆ ಒಂದೊಂದೇ ಡಿಕ್ಕಿ ತೆರೆಯಿತು. ದಾರಿಗೆ ಇರಲಿ ಅಂತ ಸ್ವಲ್ಪ ತಂದೆವು ಎಂದು ಒಬ್ಬರು, ಮಕ್ಕಳಿಗೆ ಹೊರಗಿನದು ಆಗುವುದಿಲ್ಲ ಎಂದು ಇನ್ನೊಬ್ಬರು. ಕರುಣಾಕರಣ್ಣನ ಡಿಕ್ಕಿಯಲ್ಲಿ ಗೋಳಿಬಜೆಯ ಸ್ಟೀಲ್ ಡಬ್ಬಿಯ ಜೊತೆ ಒಂದು ಇಡೀ ಹಂಡೆ ಸಾಂಬಾರಿತ್ತು. ದಾರಿಗೆ ಇರಲಿ ಎನ್ನಲು ಅವರಿಗೂ ಬಾಯಿ ಬರಲಿಲ್ಲ. ನಮ್ಮ ಡಿಕ್ಕಿಯಲ್ಲೂ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಗಂಟಿತ್ತು, ಅದರ ಪಕ್ಕದಲ್ಲಿ ನನಗೆಂದೇ ಪುಳಿಯೋಗರೆ. ನನ್ನೊಂದಿಗೆ ಮಾತು ಬಿಟ್ಟ ಹೆಂಡತಿ ಬೆಳಿಗ್ಗೆ ಕತ್ತಲಲ್ಲಿ ಎದ್ದು ನನಗಾಗಿ ಹುಣಿಸೆಹಣ್ಣು ಕಿವುಚಿದ್ದಳು. ಇಂಥ ಮನೆಯಲ್ಲಿ ಇರುವ ಭಾಗ್ಯಕ್ಕೆ ನಾನೇನೂ ಮಾಡಿಲ್ಲ, ಒಂದು ಕಾರು ತಳ್ಳಿದ್ದು ಬಿಟ್ಟರೆ. ಟೋಯಿಂಗ್ ಗಾಡಿಯವನನ್ನೂ ಕೂರಿಸಿಕೊಂಡು, ಮರದ ಕೆಳಗೆ ಚಾಪೆ ಹಾಸಿ ಉಂಡೆವು. ಪಕ್ಕದಲ್ಲಿ ಟ್ಯಾಂಕರುಗಳು ಗುಡುಗಿಕೊಂಡು ಹೋಗುತ್ತಿದ್ದವು.

ಪ್ರಣವ್ ಹೇಳಿದ್ದು ಸುಳ್ಳೇನಲ್ಲ, ಅಪಾಯ ಇರುವುದು ಹೌದು. ಊಟದ ನಡುವೆ ಅವನೇ ಒಂದು ತಿದ್ದುಪಡಿ ಹೇಳಿದ. ಟೋಯಿಂಗ್ ಗಾಡಿ ಪ್ರತಿ ವರ್ಷ ಬರಲಿ, ಬಂದು ಸಾಲಿನ ಹಿಂದೆ ದೀಪ ಹಾಕಿಕೊಂಡು ಅಡ್ಡ ನಿಲ್ಲಲಿ, ಯಾರೂ ನಮ್ಮ ಮೇಲೆ ಹತ್ತದ ಹಾಗೆ ಕಾಯಲಿ. ಎತ್ತುವುದು ಬೇಡ. ದಾಟುವುದೂ ಬೇಡ. ಈ ಸಲ ಬಾಯಿಮಾತಿನ ಒಪ್ಪಿಗೆ ಸಾಲದು, ಎಲ್ಲರೂ ಕೈ ಎತ್ತಿ ಎಂದರು ಕರುಣಾಕರಣ್ಣ. ಎಲ್ಲರ ಕೈ ಎದ್ದಿತು. ನನ್ನ ಬಲಗೈಯಲ್ಲಿ ಪುಳಿಯೋಗರೆ ಮೆತ್ತಿತ್ತು. ಅವಸರದಲ್ಲಿ ಎಡಗೈ ಎತ್ತಿದೆ.

"ಎಡಗೈ ನಡಿಯೂದಿಲ್ರಿ," ಎಂದಳು ಶೈಲಜಾ. "ಕೈ ತೊಳಕೊಂಡು ಬಂದು ಸರಿಯಾಗಿ ಎತ್ತರಿ."

ಇಷ್ಟು ದಿನಗಳ ಮೇಲೆ ಹಾಲು, ಗ್ಯಾಸು ಬಿಟ್ಟು ಬೇರೆ ವಿಷಯಕ್ಕೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು. ನಾನು ಸಂತೋಷದಿಂದಲೇ ಎದ್ದು, ನೀರಿನ ಕ್ಯಾನು ಹುಡುಕಿ, ರಸ್ತೆಯ ಅಂಚಿಗೆ ಹೋಗಿ ಕೈ ತೊಳೆದೆ. ಅಲ್ಲೇ ನಿಂತು, ಎಲ್ಲರಿಗೂ ಕಾಣುವ ಹಾಗೆ ಬಲಗೈಯನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆ ಎತ್ತಿ ಹಿಡಿದೆ. ಅಷ್ಟು ಹೊತ್ತಿಗೆ ಎಲ್ಲರೂ ಕೈ ಇಳಿಸಿ ಮೊಸರನ್ನಕ್ಕೆ ಬಂದಿದ್ದರು. ನನ್ನ ಕೈ ನೋಡಿದವನು ಒಬ್ಬನೇ. ಪನವೇಲ್ ಕಡೆಗೆ ಹೊರಟಿದ್ದ ಒಂದು ಶೇರ್ ರಿಕ್ಷಾ ಗಕ್ಕನೆ ನನ್ನ ಮುಂದೆ ಬಂದು ನಿಂತಿತು. ಮುಂದೆ ಒಂದು ಸೀಟಿದೆ, ಬೇಗ ಹತ್ತಿ ಎಂದು ಅವನು ಮರಾಠಿಯಲ್ಲಿ ಅವಸರ ಮಾಡಿದ. ಕೈ ಎತ್ತಿದ್ದು ಯಾಕೆಂದು ಹೇಳಲು ನನ್ನ ಮರಾಠಿ ಸಾಲದು. ಒಳಗಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು. ಅಷ್ಟರಲ್ಲಿ ಶೈಲಜಾ ಚಾಪೆಯಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತು, ರಿಕ್ಷಾದವನಿಗೆ ಸಮಾಧಾನವಾಗಿ ಹೇಳಿದಳು.

"ಹೇ ಆಮಚೇಚ್ ಆಹೇತ್, ಭಾವು. ಜರಾ ಬಂದ್ ಪಡಲೇತ್."

ಇವರು ನಮ್ಮವರೇ, ಸ್ವಲ್ಪ ಕೆಟ್ಟು ನಿಂತಿದ್ದಾರೆ ಎಂದು ಅದರ ಅರ್ಥ. ರಿಕ್ಷಾದವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಹೌದು, ಅದು ಕಾಣುತ್ತದೆ ಎನ್ನುವಂತೆ ಕತ್ತು ಆಡಿಸಿ ಹೊರಟುಹೋದ. ನಾನು ಕೈ ಇಳಿಸಿದೆ.